ಅಶಿಲನ ಉಸಿರಿಗೆ ಕಾಯದವರು

'ಸ್ವಂತ ಇಚ್ಛೆಯಿಂದ ಚಿತ್ರರಂಗ ತೊರೆದು, ಹುಟ್ಟೂರಿನಲ್ಲಿ ಸಂಗೀತ ಕಲಿಸುತ್ತ ನೆಮ್ಮದಿಯ ಬದುಕು ಕಂಡರು' ಎಂದು ಬರೆದ ಮಹಾನುಭಾವ ಯಾರೋ ನನಗೆ ಗೊತ್ತಿಲ್ಲ. ಸಿಕ್ಕರೆ ಎರಡು ಮಾತು ಕೇಳುವುದಿದೆ. ಸೊಲಾಂಜ್ ವಾತ್ರೆಲೊ ಸತ್ತ ಮೂರನೆಯ ದಿನ ಪತ್ರಿಕೆಯ ಒಳಪುಟದಲ್ಲಿ, ಹವಾಮಾನ ವರದಿಯ ಪಕ್ಕ, ಹನ್ನೊಂದು ಸಾಲು ಬಂದಿತ್ತು. ಹನ್ನೊಂದರಲ್ಲಿ ನಾಲ್ಕು ತಪ್ಪು. ಹುಟ್ಟಿದ ವರ್ಷ ತಪ್ಪು, ಮಾಡಿದ ಚಿತ್ರಗಳ ಸಂಖ್ಯೆ ತಪ್ಪು, ನುಡಿಸುತ್ತಿದ್ದ ವಾದ್ಯವಂತೂ ಪಿಟೀಲಂತೆ! ಈ ಮೂರನ್ನು ಹೇಗೋ ನುಂಗಿಕೊಳ್ಳಬಹುದು. ಆ ನೆಮ್ಮದಿ ಅನ್ನುವ ನಾಲ್ಕನೆಯದನ್ನು ನುಂಗುವುದು ನನ್ನ ಕೈಲಿ ಆಗುವುದಿಲ್ಲ.

ನಾನು ಮಾರಿವೊನ್. ಇಪ್ಪತ್ತೆರಡು ವರ್ಷ ಅವಳ ಚಿತ್ರಗಳ ಸಂಕಲನ ಮಾಡಿದವಳು. ಅವಳು ತೆಗೆದ ಒಂದೊಂದು ಶಾಟೂ ನನ್ನ ಬೆರಳುಗಳ ನಡುವೆ ಹಾದು ಹೋಗಿದೆ. ಮದುವೆಯಾದ ಗಂಡನ ಜೊತೆ ನಾನು ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಕೂತವಳಲ್ಲ, ಅವನೂ ಅದನ್ನು ಹೇಳಿಯೇ ಬಿಟ್ಟುಹೋದ. ಆದ್ದರಿಂದ ಅವಳ ಕಥೆ ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ. ಸಿಟ್ಟಿನಲ್ಲಿ ಹೇಳುತ್ತಿದ್ದೇನೆ ಅನ್ನುವುದೂ ನಿಜ. ತಣ್ಣಗೆ ಹೇಳುವವರು ಬೇಕಿದ್ದರೆ ಪತ್ರಿಕೆ ಇದೆಯಲ್ಲ.

ಸೊಲಾಂಜ್ ಹುಟ್ಟಿದ್ದು ಉತ್ತರದ ಕಲ್ಲಿದ್ದಲು ಸೀಮೆಯಲ್ಲಿ, ಲಾನ್ಸ್ ಪಟ್ಟಣದ ಆಚೆ, ಹದಿನಾಲ್ಕನೇ ಗಣಿಗುಂಡಿಯ ಕೆಲಸಗಾರರ ಸಾಲುಮನೆಯಲ್ಲಿ. ಅಪ್ಪ ಗಣಿಯಲ್ಲೇ ಸತ್ತ. ಅವಳನ್ನು ಬೆಳೆಸಿದವನು ಹನ್ನೆರಡು ವರ್ಷ ದೊಡ್ಡವನಾದ ಅಣ್ಣ ಅಶಿಲ್. ಅವನು ಹದಿನಾಲ್ಕಕ್ಕೇ ಗುಂಡಿಗೆ ಇಳಿದವನು. ವಾರಕ್ಕೆ ಆರು ದಿನ ನೆಲದಡಿ, ಭಾನುವಾರ ಬೆಳಿಗ್ಗೆ ಬ್ಯಾಂಡು. ಹೊಟ್ಟೆಗೆ ಒತ್ತಿ ಹಿಡಿದು ಊದುವ ದಪ್ಪ ಕಹಳೆ ಅವನದು. ತಂಗಿಗೆ ಒಂಬತ್ತಾದಾಗ ಬ್ಯಾಂಡಿನ ಕಪಾಟಿನಿಂದ ಒಂದು ಸಣ್ಣ ಕಹಳೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟ. ಹೆಣ್ಣುಮಗು ಕಹಳೆ ಊದುವುದೇ ಎಂದು ನೆರೆಮನೆಯವಳು ಮೂಗು ಮುರಿದಾಗ, "ಊದೋದು ಬಾಯಲ್ಲಿ ಕಣಮ್ಮ, ಮೀಸೇಲಲ್ಲ" ಅಂದನಂತೆ.

ಆ ಬ್ಯಾಂಡಿನಲ್ಲಿ ಒಂದು ಪದ್ಧತಿ ಇತ್ತು. ಇಡೀ ಸೊಲಾಂಜ್ ಅದರಲ್ಲಿದ್ದಾಳೆ, ಆದ್ದರಿಂದ ಹೇಳುತ್ತೇನೆ. ನಲವತ್ತು ಜನರಲ್ಲಿ ಅರ್ಧಕ್ಕರ್ಧ ಗಣಿಯ ದೂಳು ಕುಡಿದ ಎದೆಗಳು. ಹಿಂದಿನ ಸಾಲಿನ ಹಿರಿಯರಿಗೆ ಒಂದು ಉದ್ದದ ಸಾಲು ಊದಿದ ಮೇಲೆ ಮತ್ತೆ ಉಸಿರು ತುಂಬಿಕೊಳ್ಳಲು ಹೊತ್ತು ಬೇಕು. ಸ್ವರಲಿಪಿಯಲ್ಲಿ ಅಷ್ಟು ಹೊತ್ತು ಬರೆದಿರುವುದಿಲ್ಲ. ಬ್ಯಾಂಡ್ ಮೇಷ್ಟ್ರು ವಾರವೆಲ್ಲ ಕ್ಷೌರ ಮಾಡುವವನು, ಭಾನುವಾರ ಕೋಲು ಹಿಡಿಯುವವನು. ಅವನು ಆ ಜಾಗ ಬಂದಾಗ ಕೋಲನ್ನು ಗಾಳಿಯಲ್ಲೇ ನಿಲ್ಲಿಸಿ, ಹಿಂದಿನ ಸಾಲಿನ ಕಡೆ ನೋಡುತ್ತಿದ್ದ. ಕೊನೆಯ ಮುದುಕನ ಎದೆ ತುಂಬುವ ತನಕ ಕೋಲು ಇಳಿಯುತ್ತಿರಲಿಲ್ಲ. ಇದಕ್ಕೆ ಅವರು 'ಮುದುಕರ ಪಾಲು' ಅನ್ನುತ್ತಿದ್ದರು. ಚರ್ಚಿನಲ್ಲಿ, ಮೆರವಣಿಗೆಯಲ್ಲಿ, ಮಣ್ಣು ಮಾಡುವಾಗ, ಎಲ್ಲೇ ನುಡಿಸಲಿ, ಮುದುಕರ ಪಾಲು ಕೊಡದೆ ಯಾರೂ ಮುಂದೆ ಹೋಗುವಂತಿರಲಿಲ್ಲ. ಅವಸರಪಟ್ಟು ಮೊದಲೇ ಊದಿದವನ ತಲೆಗೆ ಕೋಲು ಬೀಳುತ್ತಿತ್ತು.

"ಮೊದ್ಲು ಕಾಯೋದು ಕಲಿ ಕೂಸೇ, ಊದೋದು ಆಮೇಲೆ ತಾನಾಗೇ ಬರುತ್ತೆ" ಎಂದು ಅಶಿಲ್ ಅವಳಿಗೆ ಮೊದಲ ಪಾಠ ಹೇಳಿದ. ಅವಳು ಕಲಿತಳು.

ಹದಿನೆಂಟಕ್ಕೆ ಲಿಲ್‌ನ ಸಂಗೀತ ಶಾಲೆ ಸೇರಿದಳು. ಅಲ್ಲಿಯ ಮೇಷ್ಟ್ರು ಮೊಸ್ಯೂ ಪೆರ್ದ್ರಿಯೆ ಬೆರಳಿಗೆ ಉಂಗುರ ಹಾಕಿಕೊಂಡ, ಮಾತು ನಯವಾದ, ಮನಸ್ಸು ಹರಿತವಾದ ಮನುಷ್ಯ. ಮೊದಲ ದಿನವೇ ಇಪ್ಪತ್ತು ಜನರೆದುರು ಅವಳನ್ನು ನಿಲ್ಲಿಸಿ ಒಂದು ನಿಧಾನದ ತುಣುಕು ನುಡಿಸಲು ಹೇಳಿದ. ಅವಳು ನುಡಿಸಿದಳು. ಸಾಲಿನ ಕೊನೆಗೆ ನಿಂತಳು. ಕಾದಳು.

"ಮದ್ಮೊಯಿಸೆಲ್, ಯಾರಿಗೆ ಕಾಯ್ತಾ ಇದೀರಿ? ಬಸ್ಸಿಗಾ?"

ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು. ಅವನು ತಾಳ ಎಣಿಸುವ ಯಂತ್ರವನ್ನು ಅವಳ ಕಿವಿಯ ಹತ್ತಿರ ಇಟ್ಟ. ನಾಲ್ಕು ವರ್ಷ ಅದು ಅಲ್ಲೇ ಇತ್ತು. ಕೊನೆಯ ವರ್ಷ ಅವಳಿಗೆ ಮೊದಲ ಬಹುಮಾನ ಬಂತು. ಆ ನವೆಂಬರಿನಲ್ಲಿ ಸಂತ ಸೆಸಿಲಿಯ ಹಬ್ಬಕ್ಕೆ ಊರಿಗೆ ಹೋದಳು. ಬ್ಯಾಂಡಿನವರಿಗೆ ವರ್ಷದಲ್ಲಿ ಅದೇ ದೊಡ್ಡ ದಿನ, ಬೆಳಿಗ್ಗೆ ಪೂಜೆ, ಮಧ್ಯಾಹ್ನ ಭರ್ತಿ ಊಟ. ಬಹುಮಾನ ಗೆದ್ದ ಹುಡುಗಿ ಎಂದು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನುಡಿಸುತ್ತ ನುಡಿಸುತ್ತ ಆ ಜಾಗ ಬಂತು. ಕೋಲು ಇನ್ನೂ ಮೇಲಿತ್ತು. ಅವಳು ಒಬ್ಬಳೇ, ಲೆಕ್ಕಕ್ಕೆ ಸರಿಯಾಗಿ, ಊದಿಬಿಟ್ಟಳು.

ಯಾರೂ ಬೈಯಲಿಲ್ಲ. ಊಟದ ಹೊತ್ತಿಗೆ ಅಶಿಲ್ ಬಿಯರಿನಲ್ಲಿ ಬೇಯಿಸಿದ ಮಾಂಸವನ್ನು ಅವಳ ತಟ್ಟೆಗೆ ಬಡಿಸುತ್ತ, "ಲಿಲ್‌ನಲ್ಲಿ ಯಾರಿಗೂ ಕೆಮ್ಮು ಬರಲ್ವೇನೇ?" ಎಂದು ಕೇಳಿದನಂತೆ.

ಇದನ್ನು ಅವಳು ನನಗೆ ನಗುತ್ತ ಹೇಳುತ್ತಿದ್ದಳು. ನಾನೂ ನಗುತ್ತಿದ್ದೆ, ಪೆದ್ದಿ!

ಆರು ವರ್ಷ ಲಿಲ್‌ನ ಆಪೆರಾದಲ್ಲಿ ವೇದಿಕೆಯ ಕೆಳಗಿನ ತಗ್ಗಿನಲ್ಲಿ ಕೂತು ಕಹಳೆ ಊದಿದಳು. "ನಮ್ಮ ಮನೇಲಿ ಎಲ್ಲರಿಗೂ ಗುಂಡಿಯೇ ಗತಿ, ನಂದು ಸ್ವಲ್ಪ ಬೆಚ್ಚಗಿತ್ತು ಅಷ್ಟೇ" ಅನ್ನುತ್ತಿದ್ದಳು. ಅಲ್ಲಿಂದ ಸಿನಿಮಾಕ್ಕೆ ಬಂದದ್ದು ಆಕಸ್ಮಿಕ. ಪ್ಯಾರಿಸ್‌ನ ಒಂದು ಸಂಕಲನ ಕೋಣೆಗೆ ಸ್ವರಲಿಪಿ ಓದಬಲ್ಲವರು ಬೇಕಾಗಿತ್ತು, ಸಂಗೀತದ ಯಾವ ಹೊಡೆತ ಯಾವ ಶಾಟಿಗೆ ಬೀಳಬೇಕೆಂದು ಹೇಳಲು. ನಾನು ಅಲ್ಲಿ ಸಹಾಯಕಿಯಾಗಿದ್ದೆ. ಒಂದು ವಾರದಲ್ಲಿ ಅವಳು ಸಂಗೀತ ಬಿಟ್ಟು ಚಿತ್ರಕ್ಕೇ ಬೆರಳು ತೋರಿಸಲು ಶುರು ಮಾಡಿದಳು. "ಈ ಹೆಂಗಸು ಬಾಗಿಲು ತೆಗೆಯೋ ಮೊದ್ಲು ಒಂದುಸಿರು ಬೇಕು. ಇನ್ನೂ ಹದಿನಾರು ಫ್ರೇಮು ಬಿಡಿ." ಸಂಕಲನಕಾರ ಗುರ್ ಅಂದ. ಬಿಟ್ಟು ನೋಡಿದ. ಮತ್ತೆ ಕತ್ತರಿಸಲಿಲ್ಲ.

ನಿರ್ದೇಶಕಿಯಾದ ಮೇಲೂ ಹಾಗೆಯೇ. ಅವಳ ಚಿತ್ರಕಥೆಯಲ್ಲಿ ಮಾತಿಗಿಂತ ಹೆಚ್ಚಾಗಿ ಉಸಿರಿನ ಗುರುತುಗಳಿರುತ್ತಿದ್ದವು, ಕಹಳೆಯವರು ಹಾಕಿಕೊಳ್ಳುವಂಥ ಪುಟ್ಟ ಗೀರುಗಳು. ಚಿತ್ರೀಕರಣದಲ್ಲಿ ಪೆನ್ಸಿಲಿನಿಂದ ತೊಡೆ ತಟ್ಟುತ್ತ ಕೂರುತ್ತಿದ್ದಳು. ಒಮ್ಮೆ ಹೆಸರುವಾಸಿ ನಟಿಯೊಬ್ಬಳಿಗೆ ರೇಗಿ ಹೋಯಿತು. "ನಾನೇನು ನಟಿಯೋ, ಕಹಳೆಯೋ?"

"ಕಹಳೆ ಆಗಿದ್ರೆ ಒಳ್ಳೇದಿತ್ತು. ಅದು ಎದುರು ಮಾತಾಡಲ್ಲ."

ಸಂಕಲನದ ಮೇಜಿನ ಮುಂದೆ ಅವಳು ಪರದೆಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ನಾನು ರೀಲು ಓಡಿಸಬೇಕು. ಅವಳು ಕೇಳಿಸಿಕೊಂಡು "ಈಗ" ಅನ್ನಬೇಕು. ನಾನು ಅಲ್ಲಿ ಕತ್ತರಿಸಬೇಕು. ಅವಳ 'ಈಗ' ಯಾವಾಗಲೂ ನನ್ನದಕ್ಕಿಂತ ಒಂದುಸಿರು ತಡ. ಮೊದಮೊದಲು ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ಬೇರೆಯವರ ಚಿತ್ರ ನೋಡಿದರೆ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಅನ್ನಿಸತೊಡಗಿತು.

ಅವಳ ಎರಡನೆಯ ಚಿತ್ರ 'ಬಟ್ಟೆ ಒಣಗುವ ದಿನ' ಬಂದಾಗ ಪ್ಯಾರಿಸ್‌ನ ವಿಮರ್ಶಕರು ಅವಳನ್ನು ಅಟ್ಟಕ್ಕೇರಿಸಿದರು. 'ಅಸ್ತಿತ್ವದ ಶೂನ್ಯ', 'ದೇವರಿಲ್ಲದ ಜಗತ್ತಿನ ನಿಶ್ಶಬ್ದ' ಎಂದೆಲ್ಲ ಪುಟಗಟ್ಟಲೆ ಬರೆದರು. ಶೂನ್ಯವಂತೆ! ಅದು ಸಿಲಿಕೋಸಿಸ್, ಸ್ವಾಮಿ. ದೂಳು ತುಂಬಿದ ಶ್ವಾಸಕೋಶ. ಹಿಂದಿನ ಸಾಲಿನ ಇಪ್ಪತ್ತು ಜನ ಮುದುಕರಿಗೆ ಗಾಳಿ ಸಾಲುತ್ತಿರಲಿಲ್ಲ. ಅದನ್ನು ಒಬ್ಬನೂ ಕೇಳಲಿಲ್ಲ. ಅವಳು ಹೇಳಲೂ ಇಲ್ಲ. ಸಂದರ್ಶನಗಳಲ್ಲಿ ಊರಿನ ಹೆಸರು ಬಂದರೆ 'ಉತ್ತರದ ಕಡೆ' ಎಂದಷ್ಟೇ ಅಂದು ಮಾತು ತಿರುಗಿಸುತ್ತಿದ್ದಳು. ವಿಮರ್ಶಕರ ಮೇಲೆ ನಾನು ಹಲ್ಲು ಕಡಿಯುತ್ತಿದ್ದೆ. ಅವಳ ಮೇಲೂ ಕಡಿಯಬೇಕಿತ್ತು ಎಂದು ಆಗ ಹೊಳೆಯಲಿಲ್ಲ.

ಐದು ದೊಡ್ಡ ಚಿತ್ರ, ಏಳೆಂಟು ಸಣ್ಣವು. ಗಣಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲಕ್ಕೆ ಕೊನೆಗೂ ಅವಳು ಊರಿನ ಬ್ಯಾಂಡಿನ ಮೇಲೆ ಚಿತ್ರ ಮಾಡುತ್ತೇನೆಂದಳು. 'ಹದಿನಾಲ್ಕನೇ ಗುಂಡಿಯ ಬ್ಯಾಂಡು' ಎಂದೇ ಹೆಸರು. ನಟರಿಲ್ಲ, ಅವರವರೇ. ಅಷ್ಟು ಹೊತ್ತಿಗೆ ಅಶಿಲ್‌ಗೆ ಅರವತ್ತೊಂದು. ಮಹಡಿ ಹತ್ತಲು ಎರಡು ಸಲ ಕೂರುತ್ತಿದ್ದ. ಆದರೂ ಚಿತ್ರದ ನಡುವೆ ಒಂದು ಹಳೆಯ ಆಪೆರಾದ ನಿಧಾನದ ತುಣುಕನ್ನು ಅವನೊಬ್ಬನೇ ನುಡಿಸಬೇಕು, ಹಿಂದೆ ಬ್ಯಾಂಡು ಮೆಲ್ಲಗೆ ಬರಬೇಕು ಎಂದು ಅವಳು ಹಟ ಹಿಡಿದಳು.

ಅದನ್ನು ಶೂಟ್ ಮಾಡಿದ ಬೆಳಿಗ್ಗೆ ನಾನೂ ಆ ಬ್ಯಾಂಡ್ ಹಾಲಿನಲ್ಲಿದ್ದೆ. ಜಿನಿವರ್ ಸಾರಾಯಿ ಸುರಿದ ಚಿಕೋರಿ ಕಾಫಿ ಕುಡಿದು ಅಶಿಲ್ ಕೂತ. ಊದಿದ. ಒಂದು ಸಾಲು, ಆಮೇಲೆ ಉಸಿರು. ಆ ಉಸಿರಿನ ಸದ್ದು! ತುಕ್ಕು ಹಿಡಿದ ಗೇಟು ತೆಗೆದ ಹಾಗೆ. ಕೋಲು ಮೇಲೆ ನಿಂತಿತು, ನಲವತ್ತು ಜನ ಕಾದರು, ಎದೆ ತುಂಬಿತು, ಮತ್ತೆ ಸಾಲು. ಏಳು ನಿಮಿಷ ಹಿಡಿಯಿತು. ನಾಲ್ಕೂವರೆಯಲ್ಲಿ ಮುಗಿಯಬೇಕಾದದ್ದು. ಸ್ವರ ಅಲ್ಲಲ್ಲಿ ಜಾರಿತ್ತು. ಮುಗಿದಾಗ ಧ್ವನಿ ಮುದ್ರಿಸುವವನು ಹೆಡ್‌ಫೋನು ತೆಗೆದು ಕಣ್ಣೊರೆಸಿಕೊಂಡ. ಸೊಲಾಂಜ್ ಮಾತ್ರ ಕಿಟಕಿಯ ಕಡೆ ನೋಡುತ್ತಿದ್ದಳು.

ಇನ್ನು ನಾನು ಮಾಡಿದ ಕೆಲಸ ಹೇಳಬೇಕು.

ಆ ಶರತ್ಕಾಲದಲ್ಲಿ ಅಶಿಲ್‌ಗೆ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರಿದ. ಸೊಲಾಂಜ್ ಊರಿಗೆ ಓಡಿದಳು. ಅದೇ ವಾರ ನಿರ್ಮಾಪಕ ಬೆರ್ತ್ರಾಂ ಸಾಲ್ವೆ ಟೀವಿಯವರನ್ನು ಕರೆದು ಅರೆಬರೆ ಚಿತ್ರ ತೋರಿಸುವುದೆಂದು ಗೊತ್ತುಮಾಡಿದ. ಕತ್ತಿಗೆ ರೇಷ್ಮೆ ವಸ್ತ್ರ ಸುತ್ತಿಕೊಳ್ಳುವ, ತಾನು ಸಂಗೀತಪ್ರೇಮಿ ಎಂದು ಎರಡನೆಯ ಮಾತಿಗೇ ಹೇಳಿಕೊಳ್ಳುವ ಆಸಾಮಿ ಅವನು. ಟೀವಿಯವರು ಎಂಥವರೆಂದು ನನಗೆ ಗೊತ್ತಿತ್ತು. ಅಶಿಲ್ ಉಸಿರೆಳೆದುಕೊಳ್ಳುವಾಗ ಅವರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ ಅನ್ನುವುದು ಮೊದಲೇ ನನ್ನ ಕಿವಿಗೆ ಬಿತ್ತು. ಆಸ್ಪತ್ರೆಯಲ್ಲಿ ಮಲಗಿದ ಮನುಷ್ಯನ ಮೇಲೆ ಇವರು ನಗುವುದು ಬೇಡ ಅನ್ನಿಸಿತು. ಒಂದೇ ಒಂದು ದಿನದ ಮಟ್ಟಿಗೆ ಎಂದುಕೊಂಡು, ಸೇನೆಯ ವಾದ್ಯಗಾರರು ಅದೇ ತುಣುಕು ನುಡಿಸಿದ ಡಿಸ್ಕ್ ತಂದು, ಅಶಿಲ್‌ನ ಧ್ವನಿಯ ಜಾಗದಲ್ಲಿ ಅದನ್ನು ಹಾಕಿದೆ. ಹೊಂದಬೇಕಲ್ಲ, ಅವನು ಉಸಿರು ತುಂಬಿಕೊಳ್ಳುವ ಶಾಟುಗಳನ್ನೆಲ್ಲ ಕತ್ತರಿಸಿದೆ. ಏಳು ನಿಮಿಷ ನಾಲ್ಕೂವರೆ ಆಯಿತು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾಡಿದೆ. ಕೆಲಸ ಬಲ್ಲವಳು ನೋಡಿ.

ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ ಇದು. ತಾತ್ಕಾಲಿಕವಾಗಿ ಹಾಕಿದ ಸಂಗೀತಕ್ಕೆ ನೋಡಿದವರು ಒಲಿದುಬಿಡುತ್ತಾರೆ. ಆಮೇಲೆ ಅಸಲಿ ತಂದಿಟ್ಟರೆ ಅದೇ ನಕಲಿಯಂತೆ ಕೇಳುತ್ತದೆ. ಗೊತ್ತಿದ್ದೂ ಮಾಡಿದೆ. ಟೀವಿಯವರು ನಗಲಿಲ್ಲ, ಅತ್ತರು. ಸಾಲ್ವೆ ಕುರ್ಚಿಯಿಂದ ಎದ್ದೇಬಿಟ್ಟ.

"ಇದೇ! ಇದೇ ಬೇಕಿತ್ತು ನಂಗೆ! ಎಷ್ಟು ಸಲ ಹೇಳಿದೀನಿ ನಾನು ಇದನ್ನ!"

ಅವನು ಒಂದು ಸಲವೂ ಹೇಳಿರಲಿಲ್ಲ. ನಾನು ಬಾಯಿ ತೆರೆಯಲಿಲ್ಲ.

ಸೊಲಾಂಜ್ ಶುಕ್ರವಾರ ಬಂದಳು. ಧ್ವನಿಪಟ್ಟಿಯನ್ನು ಮೊದಲಿನಂತೆ ಜೋಡಿಸಲು ನನಗೆ ಹೊತ್ತು ಕೊಡದೆ ಸಾಲ್ವೆ ಅವಳನ್ನು ನೇರ ಪ್ರದರ್ಶನ ಕೋಣೆಗೆ ಕರೆದೊಯ್ದ. ಅವಳು ಕೊನೆಯ ತನಕ ಕದಲದೆ ಕೂತು ನೋಡಿದಳು. ಬಲಗೈ ಮೊಣಕಾಲ ಮೇಲೆ ತಟ್ಟುತ್ತಿತ್ತು. ಸಿಟ್ಟಿಗೆ ತಟ್ಟುತ್ತಿದ್ದಾಳೆ ಅಂದುಕೊಂಡೆ. ದೀಪ ಹತ್ತಿತು.

"ನಂದನ್ನ ವಾಪಸ್ ಹಾಕಿ" ಅಂದಳು. ಅಷ್ಟೇ.

"ಮದಾಂ ವಾತ್ರೆಲೊ, ಇದು ನನ್ನ ಸಲಹೆ" ಎಂದು ಸಾಲ್ವೆ ಎದೆ ಉಬ್ಬಿಸಿದ. "ಸ್ವಲ್ಪ ಯೋಚನೆ ಮಾಡಿ."

ಅವನ ಸಲಹೆಯಂತೆ! ಆ ಕ್ಷಣ ನಾನು ಎದ್ದು ನಿಂತು ನಿಜ ಹೇಳಬೇಕಿತ್ತು. ಬೈಗುಳ ಅವನ ಪಾಲಿಗೆ ಹೋಗುತ್ತಿದೆಯಲ್ಲ, ಹೋಗಲಿ ಎಂದು ಸುಮ್ಮನಾದೆ.

ನಮ್ಮ ದೇಶದಲ್ಲಿ ನಿರ್ದೇಶಕರೂ ನಿರ್ಮಾಪಕರೂ ಒಪ್ಪದೆ ಚಿತ್ರ ಮುಗಿಯಿತು ಅನ್ನುವಂತಿಲ್ಲ. ಅವಳ ಸಹಿ ಇಲ್ಲದೆ ಅವನು ಬಿಡುಗಡೆ ಮಾಡುವಂತಿಲ್ಲ, ಅವನಿಲ್ಲದೆ ಅವಳೂ ಮಾಡುವಂತಿಲ್ಲ. ಹದಿನಾಲ್ಕು ತಿಂಗಳು ಹಗ್ಗ ಎಳೆದರು. ಒಂದು ಕಾಗದ ಹೋದರೆ ಎರಡು ಬರುತ್ತಿತ್ತು. ನಾನು ಸೊಲಾಂಜ್‌ಳ ಪರ ಎಲ್ಲರ ಹತ್ತಿರವೂ ಜಗಳವಾಡಿದೆ, ಗಂಟಲು ಹರಿಯುವಷ್ಟು. ತಪ್ಪು ಮಾಡಿದವಳಿಗೆ ಗಂಟಲು ದೊಡ್ಡದಿರುತ್ತದೆ. ಒಂದು ದಿನ ಸಾಲ್ವೆ ತಾನೇ ಸಂಕಲನ ಕೋಣೆಗೆ ಬಂದ.

"ಮದಾಂ, ನಿಮ್ಮಣ್ಣನಿಗೆ ಅನ್ಯಾಯ ಮಾಡ್ತಿರೋದು ನೀವು. ನಿಮ್ಮ ಧ್ವನಿಪಟ್ಟಿಯಲ್ಲಿ ಅವರು ಸಾಯ್ತಾ ಇರೋ ಹಾಗೆ ಕೇಳ್ಸುತ್ತೆ."

"ಸಾಯ್ತಾನೇ ಇದಾನೆ, ಮೊಸ್ಯೂ."

"ಜನಕ್ಕೆ ಅದು ಬೇಕಾಗಿಲ್ಲ."

"ಜನ ಅಂದ್ರೆ ಯಾರು? ನಿಮ್ಮ ಕೊರಳಿನ ಆ ಬಟ್ಟೆನಾ?" ಎಂದು ನಾನು ಮಧ್ಯೆ ಬಾಯಿ ಹಾಕಿದೆ. ಅವನು ಬಾಗಿಲು ಬಡಿದು ಹೋದ. ಸೊಲಾಂಜ್ ನಗುತ್ತಾಳೆ ಅಂದುಕೊಂಡಿದ್ದೆ. ಅವಳು ನಗಲಿಲ್ಲ.

ಫೆಬ್ರವರಿಯಲ್ಲಿ ಅಶಿಲ್‌ಗೆ ಮನೆಯಲ್ಲೇ ಆಮ್ಲಜನಕದ ಸಿಲಿಂಡರ್ ಇಟ್ಟರು. ಅವನು ತಂಗಿಗೆ ಫೋನ್ ಮಾಡಿಸಿ, "ಆ ಸಿನಿಮಾ ಯಾವಾಗ ಕೂಸೇ? ನನ್ನ ಮಣ್ಣು ಮಾಡಿ ಬಂದ್ಮೇಲಾ?" ಎಂದು ಕೇಳಿದ. ಮರುದಿನ ಬೆಳಿಗ್ಗೆ ಅವಳು ಕೋಟು ಕೂಡ ಬಿಚ್ಚದೆ ನನ್ನ ಮೇಜಿನ ಮುಂದೆ ನಿಂತಳು.

"ಸಹಿ ಹಾಕ್ತೀನಿ."

"ಯಾವುದಕ್ಕೆ? ಅವನ ನಾಲ್ಕೂವರೆ ನಿಮಿಷಕ್ಕಾ?"

"ಹೂಂ."

"ನಿಂಗೇನು ತಲೆ ಕೆಟ್ಟಿದ್ಯಾ? ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ ಆಯ್ತಲ್ಲೇ!"

"ಅವನು ನೋಡ್ಬೇಕಂತೆ, ಮಾರಿವೊನ್."

ಸಾಯುವವನ ಹೆಸರು ಮುಂದಿಟ್ಟರೆ ಎಲ್ಲರ ಬಾಯಿಯೂ ಕಟ್ಟುತ್ತದೆ. ಸಹಿ ಬಿತ್ತು. ಸಾಲ್ವೆ ಶಾಂಪೇನ್ ಕಳಿಸಿದ. ನಾನು ಅದನ್ನು ಕೈತೊಳೆಯುವ ತೊಟ್ಟಿಗೆ ಸುರಿದೆ.

ಊರಿನಲ್ಲಿ ಮೊದಲ ಪ್ರದರ್ಶನ ನವೆಂಬರಿನ ಸಂತ ಸೆಸಿಲಿ ಭಾನುವಾರ, ಮಧ್ಯಾಹ್ನ ಮೂರಕ್ಕೆ. ಬ್ಯಾಂಡಿನವರು ಪೂಜೆಗೆ ಹಾಕಿದ ಸಮವಸ್ತ್ರದಲ್ಲೇ ಬಂದು ಕೂತಿದ್ದರು. ಅಶಿಲ್‌ನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದರು. ಮೂಗಿಗೆ ನಳಿಕೆ, ಎದೆಯ ಮೇಲೆ ಬ್ಯಾಂಡಿನ ಪದಕ, ನುಣ್ಣಗೆ ಬೋಳಿಸಿದ ಗಲ್ಲ. ಮದುವಣಿಗನ ಕಳೆ ಇತ್ತು ಮುಖದಲ್ಲಿ. ಸೊಲಾಂಜ್ ಅವನ ಬಲಕ್ಕೆ, ನಾನು ಅವರ ಹಿಂದೆ.

ಪರದೆಯ ಮೇಲೆ ಅವನು ಬಂದಾಗ ಇಡೀ ಹಾಲು ಹೋ ಎಂದಿತು. ಕಹಳೆ ಎತ್ತಿದ. ನುಣುಪಾದ, ದುಂಡಾದ, ಎಲ್ಲೂ ಮುರಿಯದ ನಾದ ಹೊರಟಿತು. ಬ್ಯಾಂಡಿನ ಸಾಲಿನಲ್ಲಿ ಒಂದೆರಡು ತಲೆಗಳು ಒಂದರ ಕಡೆ ಒಂದು ತಿರುಗಿದವು. ಅಶಿಲ್ ಕತ್ತು ಮುಂದೆ ಚಾಚಿದ. ಅವನು ಉಸಿರು ತೆಗೆದುಕೊಳ್ಳಬೇಕಾದ ಜಾಗ ಬಂತು. ಪರದೆಯ ಅಶಿಲ್ ತೆಗೆದುಕೊಳ್ಳಲಿಲ್ಲ. ನಾದ ಸರಾಗವಾಗಿ ಮುಂದೆ ಹೋಯಿತು. ನನ್ನ ಮುಂದೆ ಕೂತಿದ್ದ ಅಶಿಲ್ ಮಾತ್ರ ಅದೇ ಜಾಗದಲ್ಲಿ ನಳಿಕೆಯೊಳಗೆ ಗೊರ್ರ್ ಎಂದು ಉಸಿರೆಳೆದುಕೊಂಡ.

ಮುಗಿದಾಗ ಊರವರು ಮುತ್ತಿಕೊಂಡರು. ಮೇಯರ್ ಕೈ ಕುಲುಕಿದರು. "ಏನ್ ನುಡಿಸಿದ್ಯಯ್ಯಾ ಅಶಿಲ್! ಈ ವಯಸ್ಸಲ್ಲೂ!"

"ಅದು ನಾನಲ್ಲ."

"ಅಯ್ಯೋ ಬಿಡಯ್ಯಾ, ಸಂಕೋಚ ಯಾಕೆ?"

"ಅದು ನಾನಲ್ಲ ಕಣ್ರೋ!" ಈ ಸಲ ಕಿರುಚಿದ. ಕೆಮ್ಮು ಹತ್ತಿತು. ಸುಧಾರಿಸಿಕೊಂಡು, "ಯಾರೋ ಪ್ಯಾರಿಸ್‌ನವನು. ಎದೆ ಗಟ್ಟಿ ಇದೆ ಅವನಿಗೆ. ನೂರು ವರ್ಷ ಬದುಕ್ಲಿ" ಅಂದ. ಆಮೇಲೆ ತಂಗಿಯ ಕಡೆ ತಿರುಗಿ ಅವಳ ಮುಖವನ್ನೇ ಬಹಳ ಹೊತ್ತು ನೋಡಿದ.

"ಗಣಿಯೋರು ಅರ್ಧ ತಗೊಂಡ್ರು. ಉಳಿದ ಅರ್ಧ ನೀನು ಕೊಟ್ಬಿಟ್ಯಲ್ಲೇ."

ಪ್ರದರ್ಶನಕ್ಕಾಗಿ ಆ ವರ್ಷ ರಾತ್ರಿಗೆ ಇಟ್ಟಿದ್ದ ಬ್ಯಾಂಡಿನ ಹಬ್ಬದ ಊಟಕ್ಕೆ ಅವಳು ಹೋಗಲಿಲ್ಲ. ಅಶಿಲ್ ಮಾರ್ಚಿನಲ್ಲಿ ತೀರಿಕೊಂಡ. ಚಿತ್ರಕ್ಕೆ ಎರಡು ಪ್ರಶಸ್ತಿ ಬಂತು. ಅದರಲ್ಲಿ ಒಂದು, ನಂಬಿದರೆ ನಂಬಿ, ಧ್ವನಿಗೆ! ಅವಳು ಎರಡನ್ನೂ ತರಲು ಹೋಗಲಿಲ್ಲ. ಪ್ಯಾರಿಸ್‌ನ ಮನೆ ಬಿಟ್ಟು ಊರಿಗೆ ಹೋಗಿ, ಬ್ಯಾಂಡ್ ಹಾಲಿನಲ್ಲಿ ಕಹಳೆ ಕಲಿಸುತ್ತ ಕೂತಳು. ಮತ್ತೆ ಒಂದು ಫ್ರೇಮು ಕೂಡ ತೆಗೆಯಲಿಲ್ಲ.

ಎಂಟು ವರ್ಷ ನಾನು ಸಾಲ್ವೆಯ ಹೆಸರು ಹಿಡಿದು ಶಾಪ ಹಾಕಿದೆ. ಕೇಳಿದವರಿಗೆಲ್ಲ ಅವನೇ ಅವಳನ್ನು ಮುಗಿಸಿದ್ದು ಎಂದು ಸಾರಿದೆ. ಹೇಳುತ್ತ ಹೇಳುತ್ತ ನನ್ನ ನಾಲಿಗೆಯೇ ನನಗೆ ಹೇಸಿಗೆಯಾಯಿತು. ಒಂದು ಏಪ್ರಿಲ್ ಮಧ್ಯಾಹ್ನ ರೈಲು ಹತ್ತಿ ಅವಳ ಮನೆಗೆ ಹೋದೆ. ಅವಳು ಕಾಫಿ ಕಾಸಿ, ನಾರುವ ಮಾರುವಾಲ್ ಚೀಸು ಬ್ರೆಡ್ಡಿಗೆ ಸವರಿ ಮುಂದಿಟ್ಟಳು.

"ಆ ಡಿಸ್ಕ್ ಹಾಕಿದ್ದು ಸಾಲ್ವೆ ಅಲ್ಲ, ಸೊಲಾಂಜ್. ನಾನು."

"ಗೊತ್ತು."

"ಗೊತ್ತಾ?"

"ನಿನ್ನ ಕತ್ತರಿ ನಂಗೆ ಗೊತ್ತಾಗಲ್ವೇನೇ? ಆ ಮನುಷ್ಯನಿಗೆ ರೀಲು ಯಾವ ಕಡೆಯಿಂದ ಹಾಕ್ಬೇಕು ಅಂತಾನೂ ಗೊತ್ತಿರಲಿಲ್ಲ. ಅಷ್ಟು ನಾಜೂಕಾಗಿ ಕತ್ತರಿಸೋಕೆ ಅವನ ಕೈಲಾಗುತ್ತಾ? ಮೊದಲ ಶಾಟ್‌ಗೇ ಗೊತ್ತಾಯ್ತು."

"ಮತ್ತೆ ನನಗೆ ಯಾಕೆ ಬೈಲಿಲ್ಲ? ಕೆನ್ನೆಗೆ ಬಾರಿಸ್ಬಹುದಿತ್ತಲ್ಲ!"

ಅವಳು ಬ್ರೆಡ್ಡಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಗುಡ್ಡೆ ಮಾಡಿದಳು.

"ಬೈಯೋಕೆ ಬಾಯಿ ಎಲ್ಲಿತ್ತು? ಕೇಳ್ದಾಗ ನಂಗೆ ಹಿತ ಆಯ್ತು. 'ಅಬ್ಬಾ, ಕೊನೆಗೂ ಅಶಿಲ್ ಸರಿಯಾಗಿ ನುಡಿಸ್ತಾ ಇದಾನೆ' ಅಂತ ಅನ್ನಿಸ್ತು. ಪೂರ್ತಿ ನಾಲ್ಕೂವರೆ ನಿಮಿಷ, ಮಾರಿವೊನ್. ದೀಪ ಹತ್ತಿದ ಮೇಲೇನೇ ನಾಚಿಕೆ ಆಗಿದ್ದು. ಅದಕ್ಕೇ ಹದಿನಾಲ್ಕು ತಿಂಗಳು ಜಗಳ ಆಡ್ದೆ. ಸಾಲ್ವೆ ಜೊತೆ ಅಲ್ಲ, ಈ ಕಿವಿ ಜೊತೆ."

"ಆದ್ರೆ ಸಹಿ ಹಾಕಿದ್ದು ಅವನು ನೋಡ್ಲಿ ಅಂತ ತಾನೇ? ಸಾಯೋಕೆ ಮುಂಚೆ—"

"ಹಾಗಂತ ನೀವೆಲ್ಲ ಅಂದ್ಕೊಂಡ್ರಿ. ನಾನೂ ಹಾಗೇ ಅಂದೆ." ಅವಳು ತಲೆ ಎತ್ತಿದಳು. "ಅವನು ಹೀಗೆ ನುಡಿಸ್ತಾನೆ ಅಂತ ಊರವ್ರು ಕೇಳ್ಲಿ ಅಂತ ಹಾಕ್ದೆ. ನನ್ನ ಅಣ್ಣ ಅಂತ ಹೇಳ್ಕೊಳ್ಳೋಕೆ ಚೆನ್ನಾಗಿರ್ಲಿ ಅಂತ."

ಕ್ಷಮೆ ಕೇಳಲು ಬಂದವಳು ನಾನು. ಆದರೆ ಕುರ್ಚಿ ಹಿಂದೆ ಬೀಳುವ ಹಾಗೆ ಎದ್ದು, ಅವಳ ಅಡುಗೆಮನೆಯಲ್ಲೇ ನಿಂತು, ಬಾಯಿಗೆ ಬಂದದ್ದೆಲ್ಲ ಬೈದೆ. ಅವನ ಕೆಮ್ಮಿನ ಮೇಲೆ ಐದು ಚಿತ್ರ ಕಟ್ಟಿ ಹೆಸರು ಮಾಡಿದೆಯಲ್ಲೇ, ಅವನು ಊದಿದ್ದು ಕೇಳಲು ಮಾತ್ರ ನಿನಗೆ ಅವಮಾನವಾಯಿತಾ ಅಂದೆ. ನಲವತ್ತು ಜನ ಗಣಿಯವರಿಗೆ ಇದ್ದ ಸೈರಣೆ ನಮ್ಮಿಬ್ಬರಿಗೆ ಇರಲಿಲ್ಲವಲ್ಲ ಅಂದೆ. ನಾನು ಬೈದು ಮುಗಿಸುವ ತನಕ ಅವಳು ಕಾದಳು.

"ಅಶಿಲ್‌ಗೆ ಇದನ್ನ ಹೇಳಿದ್ಯಾ?" ಎಂದು ಕೊನೆಗೆ ಕೇಳಿದೆ.

"ಹೇಳೋದೇನಿತ್ತು? ಅವತ್ತು ಹಾಲ್‌ನಲ್ಲಿ ನನ್ನ ಮುಖ ನೋಡಿದ್ನಲ್ಲ, ಅವನಿಗೆ ಗೊತ್ತಾಗಿಹೋಯ್ತು. ಆಮೇಲೆ ನಾಲ್ಕು ತಿಂಗಳು ಬದುಕಿದ್ದ. ದಿನಾ ಒಂದು ಸಾಲಾದ್ರೂ ಊದ್ತಿದ್ನಂತೆ, ಪಕ್ಕದ ಮನೆಯೋರು ಹೇಳಿದ್ರು. ನಾನು ಬಾಗಿಲು ತಟ್ಟಿದ್ರೆ ನಿಲ್ಲಿಸ್ತಿದ್ದ. ಒಳಗೆ ಹೋಗೋ ಹೊತ್ತಿಗೆ ಕಹಳೆ ಮಂಚದ ಕೆಳಗೆ ಹೋಗಿರ್ತಿತ್ತು. ಪ್ಯಾರಿಸ್‌ಗೆ ವಾಪಸ್ ಬರದೆ ಊರಲ್ಲೇ ಉಳಿದು ನಾಲ್ಕು ತಿಂಗಳು ದಿನಾ ಹೋದೆ. ಒಂದು ದಿನಾನೂ ನನ್ನೆದುರಿಗೆ ಊದಲಿಲ್ಲ."